ತಾಯಿಯ ದುಡಿಮೆಯ ಹೊತ್ತು ಮತ್ತು ಶಾಲೆಯ ಗಂಟೆ

(ಶಾಲೆಯ ವಾರ್ಷಿಕ ರಕ್ಷಕ–ಶಿಕ್ಷಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವರ್ಷಕ್ಕೊಮ್ಮೆ ಕೂಡುವ ಈ ಸಭೆಯಲ್ಲಿ ಮುಖ್ಯೋಪಾಧ್ಯಾಯನು ಏನು ಮಾತನಾಡುವನೆಂಬುದನ್ನು ತಾವು ಮೊದಲೇ ಊಹಿಸಬಲ್ಲಿರಿ. ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಕಳುಹಿಸಿರಿ, ಸಂಜೆ ಓದಿಸಿರಿ, ಕಾಗುಣಿತ ತಪ್ಪದಂತೆ ನೋಡಿಕೊಳ್ಳಿರಿ ಎಂಬ ಉಪದೇಶವನ್ನು ನಾನು ಹೇಳಿದ್ದೂ ಆಗಿದೆ, ತಾವು ಕೇಳಿದ್ದೂ ಆಗಿದೆ. ಈ ಸಲ ಅದನ್ನು ಬದಿಗಿರಿಸಿ ತಾಯಂದಿರ ದುಡಿಮೆಯ ವಿಷಯವಾಗಿ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳಬೇಕೆಂದಿದ್ದೇನೆ. ಶಾಲೆಗೂ ಈ ವಿಷಯಕ್ಕೂ ಏನು ಸಂಬಂಧವೆಂದು ಯಾರಿಗಾದರೂ ತೋರಿದರೆ ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಸಂಬಂಧವು ಬಹಳ ನಿಕಟವಾದುದು.

ಅರ್ಧ ದಿನದ ಕೆಲಸದಲ್ಲಿರುವ ಸ್ತ್ರೀಯರು ಇನ್ನಷ್ಟು ಹೊತ್ತು ದುಡಿಯಬೇಕೆಂಬ ಮಾತು ಈಚೆಗೆ ಅನೇಕ ದೇಶಗಳ ಸರಕಾರಗಳ ಬಾಯಲ್ಲಿ ಕೇಳಿಬರುತ್ತಿದೆ. ವೃದ್ಧರ ಸಂಖ್ಯೆ ಹೆಚ್ಚಿ ದುಡಿಯುವ ಕೈಗಳು ಕಡಿಮೆಯಾಗುತ್ತಿರುವ ಆ ದೇಶಗಳಲ್ಲಿ ಆಸ್ಪತ್ರೆಗೆ ದಾದಿಯರು ಸಾಲರು, ಶಾಲೆಗೆ ಉಪಾಧ್ಯಾಯಿನಿಯರು ಸಾಲರು. ಹೊಸಬರನ್ನು ಎಲ್ಲಿಂದ ತರುವುದು? ಈಗಾಗಲೇ ಅರ್ಧ ದಿನ ಬರುತ್ತಿರುವ ಹೆಂಗಸರೇ ದಿನಕ್ಕೆ ಒಂದೆರಡು ಗಂಟೆ ಹೆಚ್ಚು ನಿಂತರೆ ಕೊರತೆಯು ತೀರೀತೆಂಬುದು ಅವರ ಲೆಕ್ಕಾಚಾರ. ನಮ್ಮ ದೇಶದಲ್ಲಿ ಚರ್ಚೆಯು ಇನ್ನೂ ಅಲ್ಲಿಗೆ ಬಂದಿಲ್ಲ. ಎಷ್ಟು ಮಂದಿ ಸ್ತ್ರೀಯರು ದುಡಿಯುತ್ತಾರೆ ಎಂಬಲ್ಲಿಯೇ ನಿಂತಿದೆ. ಕೇಂದ್ರ ಸರಕಾರದ ಶ್ರಮಬಲ ಸಮೀಕ್ಷೆಯ ಪ್ರಕಾರ ಹದಿನೈದು ವಯಸ್ಸು ದಾಟಿದ ಸ್ತ್ರೀಯರಲ್ಲಿ ದುಡಿಮೆಗೆ ತೊಡಗಿದವರು 2017–18ರಲ್ಲಿ ನೂರಕ್ಕೆ 23.3 ಇದ್ದದ್ದು 2023–24ರಲ್ಲಿ 41.7 ಆಯಿತು. ಸಂತೋಷದ ಸಂಗತಿಯೇ. ಆದರೆ ಈ ಅಂಕೆಯು ಎಷ್ಟು ಮಂದಿ ಎಂಬುದನ್ನು ಹೇಳುತ್ತದೆಯೇ ಹೊರತು ಎಷ್ಟು ಹೊತ್ತು, ಯಾವ ಸಂಬಳಕ್ಕೆ ಎಂಬುದನ್ನು ಹೇಳುವುದಿಲ್ಲ.

ನಮ್ಮ ಕಾಸರಗೋಡಿನ ಈ ಸೀಮೆಯಲ್ಲಿ ತಾಯಂದಿರ ಕೆಲಸಗಳನ್ನು ನಾನು ಎಣಿಸಿ ಹೇಳಬೇಕಾಗಿಲ್ಲ. ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವವರಿದ್ದಾರೆ. ಅಡಿಕೆ ಸುಲಿಯಲು ಹೋಗುವವರು, ಬಟ್ಟೆ ಹೊಲಿಯುವವರು, ಪೇಟೆಯ ಅಂಗಡಿಯಲ್ಲಿ ಮಧ್ಯಾಹ್ನದ ವರೆಗೆ ನಿಲ್ಲುವವರು, ಕಚೇರಿಗಳಲ್ಲಿ ಪಾರ್ಟ್ ಟೈಮ್ ಸ್ವೀಪರ್ ಎಂಬ ಹೆಸರಿನಲ್ಲಿ ಬೆಳಗ್ಗೆ ಗುಡಿಸಿ ಬರುವವರು, ಹರಿತ ಕರ್ಮ ಸೇನೆಯ ಸಮವಸ್ತ್ರ ತೊಟ್ಟು ಮನೆಮನೆಯ ಪ್ಲಾಸ್ಟಿಕ್ ಸಂಗ್ರಹಿಸುವವರು, ಇದೇ ಶಾಲೆಯ ಪಾಕಶಾಲೆಯಲ್ಲಿ ಮಕ್ಕಳಿಗೆ ಅನ್ನ ಬೇಯಿಸುವವರು ಎಲ್ಲರೂ ಈ ಸಭೆಯಲ್ಲಿದ್ದಾರೆ. ಇವುಗಳಲ್ಲಿ ಬಹುಪಾಲು ಅರೆಹೊತ್ತಿನ ಕೆಲಸಗಳು. ಬೀಡಿಯಂತಹ ಕೆಲಸಕ್ಕಂತೂ ಹೊತ್ತೆಂಬುದೇ ಇಲ್ಲ, ಕಟ್ಟಿದ ಸಾವಿರಕ್ಕೆ ಇಷ್ಟೆಂದು ಕೂಲಿ.

ಅರೆಹೊತ್ತಿನ ಕೆಲಸವೆಂಬ ಈ ಹೆಸರೇ ನನಗೆ ಅಷ್ಟು ಸರಿಯೆನಿಸುವುದಿಲ್ಲ. ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂಬುದನ್ನು ಕೇಂದ್ರ ಸರಕಾರವು 2019ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ಸಮೀಕ್ಷೆ ಮಾಡಿಸಿತು. 2024ರ ಲೆಕ್ಕದಂತೆ, ಸಂಬಳವಿಲ್ಲದ ಗೃಹಕೃತ್ಯದಲ್ಲಿ ತೊಡಗುವ ಸ್ತ್ರೀಯು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷಗಳನ್ನು ವ್ಯಯಿಸುತ್ತಾಳೆ. ಅದೇ ಕೆಲಸದಲ್ಲಿ ತೊಡಗುವ ಪುರುಷನು 88 ನಿಮಿಷಗಳನ್ನು. ಆರನೆಯ ತರಗತಿಯ ಮಕ್ಕಳು ಇದನ್ನು ಗಂಟೆಗೆ ಪರಿವರ್ತಿಸಿ ಹೇಳಲಿ ನೋಡೋಣ. ಸರಿ, ನಾಲ್ಕು ಗಂಟೆ ನಲವತ್ತೊಂಬತ್ತು ನಿಮಿಷ. ನಾಲ್ಕು ಗಂಟೆ ಸಂಬಳದ ಕೆಲಸ ಮಾಡಿ ಬರುವ ತಾಯಿಯು ಇದನ್ನು ಕೂಡಿಸಿದರೆ ಸುಮಾರು ಒಂಬತ್ತು ಗಂಟೆ ದುಡಿದಂತಾಯಿತು. ಎಂಟು ಗಂಟೆಯ ಕೆಲಸಕ್ಕೆ ಪೂರ್ಣ ಉದ್ಯೋಗವೆಂದು ಹೆಸರು. ಒಂಬತ್ತು ಗಂಟೆಯ ಈ ದುಡಿಮೆಗೆ ಅರೆ ಉದ್ಯೋಗವೆಂದು ಹೆಸರು! ಅಂಗನವಾಡಿಯ ಮಗುವಿಗೂ ಈ ಗಣಿತ ಒಗ್ಗದು.

ಆದರೂ ಹೆಚ್ಚು ಹೊತ್ತಿನ ಕೆಲಸವು ಬೇಡವೆಂದು ನಾನು ಹೇಳಲಾರೆ. ಕೈಯಲ್ಲಿ ತನ್ನದೆಂಬ ನಾಲ್ಕು ಕಾಸು ಇರುವ ತಾಯಿಯ ಮಾತಿಗೆ ಮನೆಯಲ್ಲಿ ತೂಕ ಬರುತ್ತದೆ. ಮಗಳನ್ನು ಹತ್ತನೆಯ ತರಗತಿಯ ನಂತರವೂ ಓದಿಸಬೇಕೆಂದು ಹಟ ಹಿಡಿಯುವವಳು ಸಾಮಾನ್ಯವಾಗಿ ಆಕೆಯೇ. ಅರೆಹೊತ್ತಿನ ಕೆಲಸಕ್ಕೆ ಅನೇಕ ಕಡೆ ಭವಿಷ್ಯನಿಧಿಯಿಲ್ಲ, ನಿವೃತ್ತಿವೇತನವಿಲ್ಲ, ಬಡ್ತಿಯ ಮಾತಂತೂ ಇಲ್ಲವೇ ಇಲ್ಲ. ಗಂಡನಿಗೆ ಕಾಯಿಲೆಯಾದಾಗ ಅಥವಾ ಮನೆಗೆ ಇನ್ನಾವುದೇ ಕಷ್ಟ ಬಂದಾಗ ಈ ಕೊರತೆಯು ಒಮ್ಮೆಗೇ ಎದುರಾಗುತ್ತದೆ. ಆದುದರಿಂದ ಹೆಚ್ಚು ಹೊತ್ತು ದುಡಿಯಬಯಸುವ ತಾಯಿಗೆ ಅದು ಸಾಧ್ಯವಾಗಬೇಕು. ಪ್ರಶ್ನೆಯಿರುವುದು ಮತ್ತೊಂದೆಡೆ. ಆ ಹೆಚ್ಚಿನ ಎರಡು ಗಂಟೆಗಳು ಎಲ್ಲಿಂದ ಬರಬೇಕು? ದಿನಕ್ಕೆ ಇಪ್ಪತ್ತನಾಲ್ಕೇ ಗಂಟೆ. ಒಬ್ಬರಿಗೆ ಕೊಡಬೇಕಾದರೆ ಇನ್ನೊಬ್ಬರಿಂದ ತೆಗೆಯಲೇಬೇಕು. ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ಬರಿದೆ ಉತ್ತೇಜನ ಕೊಟ್ಟ ಸರಕಾರಗಳ ಪಾಡೇನಾಯಿತೆಂಬುದನ್ನು ತಿಳಿಯಲು ಎರಡು ದೇಶಗಳ ವೃತ್ತಾಂತವನ್ನು ತಮ್ಮ ಮುಂದಿಡುತ್ತೇನೆ.

ಮೊದಲನೆಯದು ಜಪಾನ್. ಆ ದೇಶದಲ್ಲಿ ಸಂಬಳಕ್ಕೆ ದುಡಿಯುವ ಸ್ತ್ರೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಾಯಂ ಅಲ್ಲದ ಕೆಲಸದಲ್ಲಿದ್ದಾರೆ. ಅವರಲ್ಲಿ ಬಹುಮಂದಿ ಅಂಗಡಿ, ಅಡಿಗೆಮನೆ, ವೃದ್ಧಾಶ್ರಮಗಳಲ್ಲಿ ಅರೆಹೊತ್ತು ದುಡಿಯುವ ಗೃಹಿಣಿಯರು. ಗೃಹಿಣಿಗೆ ಉಪಕಾರವಾಗಲೆಂದು ಅಲ್ಲಿನ ಸರಕಾರವು 1961ರಲ್ಲಿ ಒಂದು ನಿಯಮ ಮಾಡಿತು: ಹೆಂಡತಿಯ ಸಂಪಾದನೆಯು ಒಂದು ಮಿತಿಯೊಳಗಿದ್ದರೆ ಗಂಡನ ಆದಾಯ ತೆರಿಗೆಯಲ್ಲಿ ರಿಯಾಯಿತಿ. 1986ರಲ್ಲಿ ಮತ್ತೊಂದು ನಿಯಮ: ನೌಕರನ ಹೆಂಡತಿಯ ವಾರ್ಷಿಕ ಆದಾಯವು ಮಿತಿ ಮೀರದಿದ್ದರೆ ಆಕೆಯು ವಂತಿಗೆ ಕೊಡದೆಯೇ ವೃದ್ಧಾಪ್ಯದ ಮೂಲ ಪಿಂಚಣಿಗೆ ಅರ್ಹಳು. ಆ ಮಿತಿಯು ಮುಂದೆ 13 ಲಕ್ಷ ಯೆನ್ನಿಗೆ ನಿಂತಿತು. ಯೆನ್ನೆಂಬುದು ಅವರ ನಾಣ್ಯ. ಒಂದು ರೂಪಾಯಿಗಿಂತ ಕಡಿಮೆ ಬೆಲೆಯುಳ್ಳದ್ದು, ಲಕ್ಷವೆಂಬ ಮಾತು ಕೇಳಿ ಬೆರಗಾಗಬೇಕಾಗಿಲ್ಲ.

ಇವೆರಡೂ ದಯೆಯಿಂದ ಹುಟ್ಟಿದ ನಿಯಮಗಳು. ಆದರೆ ಕ್ರಮೇಣ ಇವು ಗೋಡೆಗಳಾದವು. ಜಪಾನಿನ ಜನರೇ ಇವನ್ನು ವರಮಾನದ ಗೋಡೆಗಳೆಂದು ಕರೆಯುತ್ತಾರೆ. 10 ಲಕ್ಷ 30 ಸಾವಿರ ಯೆನ್ ಮೀರಿದರೆ ಆಕೆಯ ಸಂಪಾದನೆಗೆ ತೆರಿಗೆ ಮೊದಲಾಗುತ್ತಿತ್ತು. ಎಷ್ಟೋ ಕಂಪೆನಿಗಳು ಆ ಗೆರೆಯಲ್ಲಿಯೇ ಗಂಡನಿಗೆ ಕೊಡುತ್ತಿದ್ದ ಕುಟುಂಬಭತ್ಯವನ್ನೂ ನಿಲ್ಲಿಸುತ್ತಿದ್ದವು. 2016ರಿಂದ ದೊಡ್ಡ ಸಂಸ್ಥೆಗಳಲ್ಲಿ ವಾರಕ್ಕೆ 20 ಗಂಟೆ ದುಡಿದು ತಿಂಗಳಿಗೆ 88 ಸಾವಿರ ಯೆನ್, ಅಂದರೆ ವರ್ಷಕ್ಕೆ ಸುಮಾರು 10 ಲಕ್ಷ 60 ಸಾವಿರ ಗಳಿಸುವವಳು ಪಿಂಚಣಿ ಮತ್ತು ಆರೋಗ್ಯ ವಿಮೆಗಳಿಗೆ ವಂತಿಗೆ ಕೊಡಬೇಕಾಯಿತು. ಆ ವಂತಿಗೆಯು ಸಂಬಳದ ನೂರಕ್ಕೆ ಸುಮಾರು ಹದಿನೈದು. ಗೋಡೆಯ ಈಚೆಗೆ ಇದ್ದವಳು ಒಂದು ಹೆಜ್ಜೆ ಆಚೆಗಿಟ್ಟರೆ ಕೈಗೆ ಬರುವ ಹಣವು ಹೆಚ್ಚುವುದರ ಬದಲು ಇಳಿಯುವುದು. ಹೆಚ್ಚು ದುಡಿದು ಕಡಿಮೆ ತರುವ ಕೆಲಸವನ್ನು ಯಾರು ಮಾಡುತ್ತಾರೆ? ವಂತಿಗೆ ಕೊಟ್ಟವಳಿಗೆ ಮುಂದೆ ಪಿಂಚಣಿ ಹೆಚ್ಚುವುದೆಂಬುದು ನಿಜ. ಆದರೆ ಈ ತಿಂಗಳ ಅಕ್ಕಿಯನ್ನು ಇಪ್ಪತ್ತು ವರ್ಷದ ಮೇಲಿನ ಪಿಂಚಣಿಯಿಂದ ಕೊಳ್ಳಲಾಗದು.

ಇಲ್ಲಿ ಮಕ್ಕಳಿಗೊಂದು ಲೆಕ್ಕ ಕೊಡುತ್ತೇನೆ. ಜಪಾನಿನಲ್ಲಿ ಗಂಟೆಯೊಂದಕ್ಕೆ ಕೊಡಬೇಕಾದ ಕನಿಷ್ಠ ಕೂಲಿಯು ದೇಶದ ಸರಾಸರಿಯಲ್ಲಿ 2013ರಲ್ಲಿ 764 ಯೆನ್ ಇತ್ತು. 2024ರಲ್ಲಿ 1,055 ಯೆನ್ ಆಯಿತು. ಆ ಇಡೀ ಅವಧಿಯಲ್ಲಿ ತೆರಿಗೆಯ ಗೋಡೆ ಮಾತ್ರ 10,30,000 ಯೆನ್ನಿನಲ್ಲಿಯೇ ನಿಂತಿತ್ತು. ಗೋಡೆಯನ್ನು ದಾಟದೆ ವರ್ಷಕ್ಕೆ ಎಷ್ಟು ಗಂಟೆ ದುಡಿಯಬಹುದು? ಭಾಗಿಸಿ ನೋಡಿದರೆ ಮೊದಲು ಸುಮಾರು 1,348 ಗಂಟೆ, ಆಮೇಲೆ ಸುಮಾರು 976 ಗಂಟೆ. ವಾರಕ್ಕೆ 26 ಗಂಟೆ ದುಡಿಯುತ್ತಿದ್ದವಳು 19 ಗಂಟೆಗೂ ಕೆಳಗೆ ಇಳಿಯಬೇಕಾಯಿತು. ಕೂಲಿಯನ್ನು ಏರಿಸಿದ್ದು ಒಳ್ಳೆಯದಕ್ಕೇ. ಆದರೆ ಕೂಲಿ ಏರಿದಷ್ಟೂ ದುಡಿಮೆಯ ಹೊತ್ತು ಕುಗ್ಗಿತು. ವರ್ಷದ ಕೊನೆಯ ತಿಂಗಳುಗಳಲ್ಲಿ, ಅಂಗಡಿಗಳಲ್ಲಿ ಜನಸಂದಣಿ ಅತ್ಯಧಿಕವಾಗಿರುವ ಹೊತ್ತಿನಲ್ಲಿಯೇ, ಗೃಹಿಣಿಯರು ತಮ್ಮ ಗಂಟೆಗಳನ್ನು ಕಡಿತಗೊಳಿಸಿಕೊಂಡು ಮನೆಯಲ್ಲಿ ಕುಳಿತುಕೊಳ್ಳುವುದು ಅಲ್ಲಿ ಪ್ರತಿವರ್ಷದ ನೋಟವಾಯಿತು. ಅವರು ಸೋಮಾರಿಗಳೆಂದೋ ಮಹತ್ವಾಕಾಂಕ್ಷೆ ಇಲ್ಲದವರೆಂದೋ ಹೇಳುವುದು ಎಂತಹ ಅನ್ಯಾಯವೆಂಬುದನ್ನು ತಾವೇ ಯೋಚಿಸಬೇಕು. ಅವರು ಲೆಕ್ಕ ಬಲ್ಲವರು, ಅಷ್ಟೆ.

ಸರಕಾರಕ್ಕೆ ಇದು ತಡವಾಗಿ ಮನದಟ್ಟಾಯಿತು. 2023ರ ಅಕ್ಟೋಬರದಲ್ಲಿ, ಅರೆಹೊತ್ತಿನ ನೌಕರರು ಗೋಡೆ ದಾಟಿದರೂ ಕೈಗೆ ಬರುವ ಹಣ ಇಳಿಯದಂತೆ ನೋಡಿಕೊಳ್ಳುವ ಸಂಸ್ಥೆಗಳಿಗೆ ತಲೆಯೊಂದಕ್ಕೆ 5 ಲಕ್ಷ ಯೆನ್ ವರೆಗೆ ಸಹಾಯಧನವನ್ನು ಆರಂಭಿಸಿತು. 2025ರಲ್ಲಿ ತೆರಿಗೆಯ ಗೋಡೆಯನ್ನು 12 ಲಕ್ಷ 30 ಸಾವಿರಕ್ಕೂ, ಕಡಿಮೆ ಆದಾಯದವರಿಗೆ 16 ಲಕ್ಷಕ್ಕೂ ಏರಿಸಲಾಯಿತು. ಅದೇ ವರ್ಷದ ಜೂನ್ ತಿಂಗಳಲ್ಲಿ, 88 ಸಾವಿರದ ಆ ಮಾಸಿಕ ಗೆರೆಯನ್ನು ಮೂರು ವರ್ಷಗಳೊಳಗೆ ಅಳಿಸಿಹಾಕುವ ಕಾಯಿದೆಯೂ ಅಂಗೀಕೃತವಾಯಿತು.

ಆದರೆ ಜಪಾನಿನಲ್ಲಿ ಇನ್ನೊಂದು ಗೋಡೆಯಿದೆ. ಅದು ತೆರಿಗೆಯ ಪುಸ್ತಕದಲ್ಲಿ ಸಿಗುವುದಿಲ್ಲ. ಚಿಕ್ಕ ಮಗುವನ್ನು ಸಂಜೆಯ ವರೆಗೆ ನೋಡಿಕೊಳ್ಳುವ ಶಿಶುವಿಹಾರಗಳು ಅಲ್ಲಿವೆ. ಮಗುವಿಗೆ ಆರು ವರ್ಷ ತುಂಬಿ ಪ್ರಾಥಮಿಕ ಶಾಲೆಗೆ ಸೇರಿತೆಂದರೆ ಶಾಲೆಯು ಮಧ್ಯಾಹ್ನೋತ್ತರ ಬೇಗನೆ ಬಿಡುತ್ತದೆ; ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಇರಿಸಿಕೊಳ್ಳುವ ಕೇಂದ್ರಗಳಲ್ಲಿ ಎಲ್ಲರಿಗೂ ಸ್ಥಳ ಸಿಗುವುದಿಲ್ಲ. ಆರು ವರ್ಷ ಹೇಗೋ ಕೆಲಸವನ್ನು ಉಳಿಸಿಕೊಂಡು ಬಂದ ತಾಯಿಯು ಆಗ ಗಂಟೆಗಳನ್ನು ಕಡಿಮೆ ಮಾಡಿಕೊಳ್ಳುತ್ತಾಳೆ, ಇಲ್ಲವೆ ಕೆಲಸವನ್ನೇ ಬಿಡುತ್ತಾಳೆ. ಇದಕ್ಕೆ ಅವರು ಇಟ್ಟ ಹೆಸರು ಒಂದನೆಯ ತರಗತಿಯ ಗೋಡೆ. ಈ ಮಾತನ್ನು ಓದಿದಾಗ, ಅಧ್ಯಾಪಕ ಬಂಧುಗಳೆ, ನನಗೆ ನಮ್ಮ ಶಾಲೆಯ ಗೋಡೆಗಳೇ ಕಣ್ಣಮುಂದೆ ಬಂದವು.

ಎರಡನೆಯ ದೇಶ ನೆದರ್‌ಲೆಂಡ್ಸ್. ಹಾಲೆಂಡ್ ಎಂದು ನಾವು ಪಾಠಪುಸ್ತಕಗಳಲ್ಲಿ ಓದಿದ ದೇಶ. ಕರಿಮೆಣಸಿಗಾಗಿ ಈ ಕರಾವಳಿಗೆ ಬಂದು 1663ರಲ್ಲಿ ಕೊಚ್ಚಿ, ಕಣ್ಣೂರುಗಳನ್ನು ಪೋರ್ಚುಗೀಸರಿಂದ ಕಿತ್ತುಕೊಂಡ ಡಚ್ಚರ ನಾಡು. ಅರೆಹೊತ್ತಿನ ದುಡಿಮೆಯಲ್ಲಿ ಪ್ರಪಂಚಕ್ಕೆಲ್ಲ ಮೊದಲನೆಯ ಸ್ಥಾನ ಆ ದೇಶದ ಸ್ತ್ರೀಯರದು: ಕೆಲಸದಲ್ಲಿರುವ ಹತ್ತು ಮಂದಿಯಲ್ಲಿ ಸುಮಾರು ಏಳು ಮಂದಿ ವಾರಕ್ಕೆ 35 ಗಂಟೆಗಿಂತ ಕಡಿಮೆ ದುಡಿಯುತ್ತಾರೆ. ಇದಕ್ಕೆ ಬಡತನ ಕಾರಣವಲ್ಲ, ವಿದ್ಯೆಯ ಅಭಾವ ಮೊದಲೇ ಅಲ್ಲ. ಕಾರಣವನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಲ್ಲಿ ಸರಕಾರಿ ನೌಕರಿಯಲ್ಲಿದ್ದ ಹೆಣ್ಣು ಮದುವೆಯಾದೊಡನೆ ಕೆಲಸ ಕಳೆದುಕೊಳ್ಳುವ ನಿಯಮವಿತ್ತು. ಉಪಾಧ್ಯಾಯಿನಿಯರಿಗೂ ಅದೇ ಗತಿ. 1955ರಲ್ಲಿ ಕೋರಿ ತೆಂಡೆಲೋ ಎಂಬ ಸಂಸತ್ ಸದಸ್ಯೆಯು ಇದರ ವಿರುದ್ಧ ಗೊತ್ತುವಳಿ ತಂದಳು. ಪರವಾಗಿ 46, ವಿರೋಧವಾಗಿ 44 ಮತಗಳು ಬಿದ್ದವು. ಎರಡೇ ಮತಗಳ ಅಂತರದಿಂದ ಗೆದ್ದ ನ್ಯಾಯವದು. ಇದನ್ನು ಕೇಳಿ ನಾವು ನಗಬೇಕಾಗಿಲ್ಲ. ನಮ್ಮ ವಿದೇಶಾಂಗ ಸೇವೆಯಲ್ಲಿಯೂ ಮದುವೆಯಾಗಬಯಸುವ ಮಹಿಳಾ ಅಧಿಕಾರಿಯು ಸರಕಾರದ ಅಪ್ಪಣೆ ಪಡೆಯಬೇಕೆಂಬ ನಿಯಮವಿತ್ತು, ಕೊಡಗಿನವರಾದ ಸಿ. ಬಿ. ಮುತ್ತಮ್ಮನವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ, 1979ರಲ್ಲಿ ಅಂತಹ ನಿಯಮಗಳನ್ನು ನ್ಯಾಯಾಲಯವು ಬಲವಾಗಿ ಖಂಡಿಸಿತು.

ಡಚ್ ಸ್ತ್ರೀಯರು ಹೀಗೆ ತಡವಾಗಿ ಕೆಲಸಕ್ಕೆ ಬಂದರು. ಬಂದವರು ಮನೆಯ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ ಬಂದರು. ಅಲ್ಲಿನ ಪ್ರಾಥಮಿಕ ಶಾಲೆಗಳು ಬುಧವಾರ ಮಧ್ಯಾಹ್ನ ಬಾಗಿಲು ಹಾಕುವ ಪದ್ಧತಿಯವು. ಉಳಿದ ದಿನಗಳಲ್ಲಿಯೂ ಮಕ್ಕಳು ಮಧ್ಯಾಹ್ನ ಮನೆಗೆ ಹೋಗಿ ಊಟ ಮಾಡಿ ಮರಳಿ ಬರುವುದು ಬಹುಕಾಲ ರೂಢಿಯಲ್ಲಿತ್ತು. ಹನ್ನೆರಡು ಗಂಟೆಗೆ ಬಾಗಿಲು ತೆರೆದು ರೊಟ್ಟಿ ಕೊಡಬೇಕಾದವಳು ಎಂಟು ಗಂಟೆಯ ಉದ್ಯೋಗವನ್ನು ಹೇಗೆ ಹಿಡಿದಾಳು? ಶಾಲೆಯ ವೇಳಾಪಟ್ಟಿಯನ್ನು ಬರೆದವರು ಮನೆಯಲ್ಲಿ ಸದಾಕಾಲ ಒಬ್ಬ ತಾಯಿ ಇರುವಳೆಂದು ಊಹಿಸಿಕೊಂಡೇ ಬರೆದಿದ್ದರು. ಮುಂದೆ ಡಚ್ ಸರಕಾರವು ಅನೇಕ ಒಳ್ಳೆಯ ಕಾಯಿದೆಗಳನ್ನು ಮಾಡಿತು. ಅರೆಹೊತ್ತಿನವರನ್ನು ಪೂರ್ಣಹೊತ್ತಿನವರಿಗಿಂತ ಕೀಳಾಗಿ ನಡೆಸಿಕೊಳ್ಳಬಾರದೆಂದು 1996ರಲ್ಲಿ, ನೌಕರನು ತನ್ನ ಗಂಟೆಗಳನ್ನು ಹೆಚ್ಚಿಸಬೇಕೆಂದೋ ಕಡಿಮೆ ಮಾಡಬೇಕೆಂದೋ ಕೇಳುವ ಹಕ್ಕುಳ್ಳವನೆಂದು 2000ದಲ್ಲಿ. 2008ರಲ್ಲಿ ಸ್ತ್ರೀಯರು ಹೆಚ್ಚು ಗಂಟೆ ದುಡಿಯುವಂತೆ ಉತ್ತೇಜಿಸುವುದಕ್ಕೆಂದೇ ಒಂದು ವಿಶೇಷ ಸಮಿತಿಯನ್ನು ನೇಮಿಸಿತು. ಇಷ್ಟಾದರೂ ಅಲ್ಲಿನ ಸ್ತ್ರೀಯರ ದುಡಿಮೆಯ ಸರಾಸರಿಯು ಇಂದಿಗೂ ವಾರಕ್ಕೆ 30 ಗಂಟೆಯನ್ನು ಮುಟ್ಟಿಲ್ಲ. ತಮಗೆ ಇದೇ ಸುಖವೆಂದು ಹೇಳುವ ಡಚ್ ತಾಯಂದಿರೂ ಬಹಳ ಮಂದಿ ಇದ್ದಾರೆ. ಅದು ಅವರ ಆಯ್ಕೆ, ನಾವು ಆಕ್ಷೇಪಿಸಬಾರದು. ಸಮಿತಿಯ ಮಾತಿಗಿಂತ ಬುಧವಾರ ಮಧ್ಯಾಹ್ನದ ಗಂಟೆಗೆ ಬಲ ಹೆಚ್ಚೆಂಬುದನ್ನು ಮಾತ್ರ ನಾವು ಗಮನಿಸಬೇಕು.

ಬೇರೆ ದಾರಿ ಹಿಡಿದ ದೇಶಗಳೂ ಇಲ್ಲದಿಲ್ಲ. ಸ್ವೀಡನ್ 1971ರಲ್ಲಿ ಗಂಡ–ಹೆಂಡಿರ ಆದಾಯಕ್ಕೆ ಬೇರೆ ಬೇರೆಯಾಗಿ ತೆರಿಗೆ ಹಾಕುವ ಕ್ರಮವನ್ನು ತಂದಿತು. ಜೊತೆಜೊತೆಗೆ ಊರೂರಿನಲ್ಲಿ ಶಿಶುವಿಹಾರಗಳನ್ನು ಕಟ್ಟಿತು. ಅಲ್ಲಿ ತಾಯಂದಿರಿಗೆ ಹೆಚ್ಚು ಉಪದೇಶ ಮಾಡಬೇಕಾಗಿ ಬರಲಿಲ್ಲ.

ಇನ್ನು ನಮ್ಮ ಊರಿಗೆ ಬರೋಣ. ತೆರಿಗೆಯ ಗೋಡೆ ನಮ್ಮಲ್ಲಿ ಹೆಚ್ಚು ಮಂದಿಗಿಲ್ಲ. ತೆರಿಗೆ ಕೊಡುವಷ್ಟು ಸಂಪಾದನೆಯಾಗಲೆಂದು ನಾನು ಹಾರೈಸುತ್ತೇನೆ. ಆದರೆ ಸಂಬಳ ಸ್ವಲ್ಪ ಏರಿದರೆ ರೇಷನ್ ಕಾರ್ಡಿನ ಬಣ್ಣ ಬದಲಾದೀತು, ಗುಲಾಬಿ ಹೋಗಿ ನೀಲಿಯಾದೀತು, ನೀಲಿ ಹೋಗಿ ಬಿಳಿಯಾದೀತು ಎಂಬ ಭಯವನ್ನು ನಾನು ಈ ಊರಿನಲ್ಲಿ ಕೇಳಿದ್ದೇನೆ. ಜಪಾನಿನ ಗೃಹಿಣಿಯ ಭಯಕ್ಕೂ ಇದಕ್ಕೂ ವ್ಯತ್ಯಾಸವೇನೂ ಇಲ್ಲ. ಈ ವಿಷಯದಲ್ಲಿ ಗಾಳಿಮಾತನ್ನು ನಂಬದೆ ಸಪ್ಲೈ ಆಫೀಸಿನಲ್ಲಿ ನಿಯಮವನ್ನು ಕೇಳಿ ತಿಳಿದುಕೊಳ್ಳುವುದು ಲೇಸು. ಅರ್ಜಿ ಬರೆದುಕೊಡಲು ನಮ್ಮ ಅಧ್ಯಾಪಕರು ಸಿದ್ಧರಿದ್ದಾರೆ.

ಒಂದು ವಿಷಯದಲ್ಲಿ ನಾವು ಡಚ್ಚರಿಗಿಂತ ಮುಂದಿದ್ದೇವೆಂದು ಹೆಮ್ಮೆಪಡಬಹುದು. ಮದ್ರಾಸಿನಲ್ಲಿ ಕಾಮರಾಜರು 1956ರಲ್ಲಿ ಶಾಲಾ ಮಕ್ಕಳ ಮಧ್ಯಾಹ್ನದ ಊಟವನ್ನು ವ್ಯಾಪಕವಾಗಿ ಆರಂಭಿಸಿದರು. ಕೇರಳದಲ್ಲಿ 1984ರಿಂದ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಅನ್ನದ ಊಟ ಬಂದಿತು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದ ಎಲ್ಲ ಸರಕಾರಿ ಹಾಗೂ ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನು ಕೊಡಬೇಕೆಂದು ಆಜ್ಞಾಪಿಸಿತು. ಇದು ಹಸಿದ ಮಗುವಿಗೆ ಅನ್ನ ಕೊಟ್ಟಿತೆಂದು ನಾವು ಹೇಳುತ್ತೇವೆ. ತಾಯಿಗೆ ಮಧ್ಯಾಹ್ನವನ್ನು ಕೊಟ್ಟಿತೆಂಬುದನ್ನು ಹೇಳಲು ಮರೆಯುತ್ತೇವೆ. ಈ ಊಟವಿಲ್ಲದಿದ್ದರೆ ಇಲ್ಲಿ ಕುಳಿತಿರುವ ತಾಯಂದಿರಲ್ಲಿ ಎಷ್ಟು ಮಂದಿ ಹನ್ನೆರಡೂವರೆಗೆ ಕೆಲಸ ಬಿಟ್ಟು ಓಡಬೇಕಾಗುತ್ತಿತ್ತು!

ಆದರೆ ಹಗಲು ನಾಲ್ಕು ಗಂಟೆಗೆ ಮುಗಿಯುವುದಿಲ್ಲ. ನಮ್ಮ ಭಾಷೆಯಲ್ಲಿ ಗಂಟೆ ಎಂಬ ಒಂದೇ ಮಾತು ಜಗಲಿಯಲ್ಲಿ ತೂಗುವ ಕಂಚಿಗೂ ಗಡಿಯಾರದ ಅರುವತ್ತು ನಿಮಿಷಕ್ಕೂ ಸಲ್ಲುತ್ತದೆ. ಕಳೆದ ಮಳೆಗಾಲದಲ್ಲಿ ಒಬ್ಬ ತಾಯಿ ಕಚೇರಿಗೆ ಬಂದಿದ್ದಾಗ ಹೇಳಿದ ಮಾತು ಇದು: “ಮಾಷ್ಟ್ರೇ, ಸಂಜೆ ಆರರವರೆಗೆ ನಿಂತರೆ ಪೂರ್ತಿ ಸಂಬಳ ಕೊಡ್ತೇನೆ ಅಂತ ಧಣಿಗಳು ಹೇಳ್ತಾರೆ. ಕೆಲಸ ಮಾಡ್ಲಿಕ್ಕೆ ನನಗೆ ಮನಸ್ಸೂ ಉಂಟು. ಆದರೆ ನಾಲ್ಕಕ್ಕೆ ನೀವು ಗಂಟೆ ಹೊಡೀತೀರಲ್ಲ!” ಅಂಗನವಾಡಿಯು ಮೂರೂವರೆಗೆ, ಶಾಲೆಯು ನಾಲ್ಕಕ್ಕೆ, ಅಂಗಡಿಯು ಆರಕ್ಕೆ ಅಥವಾ ಏಳಕ್ಕೆ. ಈ ಮೂರು ಗಡಿಯಾರಗಳನ್ನು ಹೊಂದಿಸುವ ಹೊಣೆಯನ್ನು ನಾವೆಲ್ಲರೂ ಸೇರಿ ಆ ಒಬ್ಬಳ ತಲೆಯ ಮೇಲೆ ಹೊರಿಸಿದ್ದೇವೆ.

ಹೊರಿಸಿದ ಹೊರೆಯನ್ನು ಆಕೆಯು ಎಲ್ಲಿ ಇಳಿಸುತ್ತಾಳೆಂಬುದನ್ನು ಬಲ್ಲವನು ಹಾಜರಿ ಪುಸ್ತಕ ಹಿಡಿಯುವ ಅಧ್ಯಾಪಕನು. ಗೋಡಂಬಿಯ ಕೆಲಸ ಬಿರುಸಾದ ತಿಂಗಳುಗಳಲ್ಲಿ, ಅಡಿಕೆ ಸುಲಿಯುವ ತಿಂಗಳುಗಳಲ್ಲಿ, ಏಳನೆಯ ಎಂಟನೆಯ ತರಗತಿಯ ಹುಡುಗಿಯರ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಹೆಚ್ಚುತ್ತದೆ. ಮರುದಿನ ತರುವ ಚೀಟಿಯಲ್ಲಿ ಹೊಟ್ಟೆನೋವೆಂದು ಬರೆದಿರುತ್ತದೆ. ಅದೇ ಮನೆಯಿಂದ ಬರುವ ಅಣ್ಣನಿಗೆ ಹೊಟ್ಟೆನೋವು ಬರುವುದಿಲ್ಲ! ಹುಡುಗಿಯು ತಮ್ಮನನ್ನು ಸೊಂಟದಲ್ಲಿ ಎತ್ತಿಕೊಂಡು, ಗಂಜಿ ಬೇಯಿಸಿ, ಹಟ್ಟಿಯ ದನಕ್ಕೆ ನೀರು ತೋರಿಸಿ ತಾಯಿಯ ಸ್ಥಾನದಲ್ಲಿ ನಿಂತಿರುತ್ತಾಳೆ. ಆ ತಾಯಿಯು ಮಗಳ ಮೇಲೆ ಪ್ರೀತಿಯಿಲ್ಲದವಳಲ್ಲ. ಮಗಳ ಕಾಲೇಜು ಫೀಜಿಗಾಗಿಯೇ ಆ ಹೆಚ್ಚಿನ ಎರಡು ಗಂಟೆ ದುಡಿಯುತ್ತಿರಬಹುದು. ಆದರೆ ಆ ಎರಡು ಗಂಟೆಗಳು ಮಗಳ ಖಾತೆಯಿಂದ ಖರ್ಚಾಗಿವೆ. ತಾಯಂದಿರು ಹೆಚ್ಚು ಹೊತ್ತು ದುಡಿಯಲಿ ಎಂದು ವೇದಿಕೆಯ ಮೇಲಿಂದ ಹೇಳುವವರು ಈ ಹಾಜರಿ ಪುಸ್ತಕವನ್ನು ಒಮ್ಮೆ ತಿರುವಿ ನೋಡಬೇಕು.

ಹಾಗಾದರೆ ಯಾರ ಖಾತೆಯಿಂದ ಬರಬೇಕು? ಮೊದಲು ತಂದೆಯವರ ಖಾತೆಯಿಂದ. 289ಕ್ಕೂ 88ಕ್ಕೂ ನಡುವೆ 201 ನಿಮಿಷಗಳ ಅಂತರವಿದೆ. ಅದರಲ್ಲಿ ಅರ್ಧವನ್ನು ತಂದೆಯರು ವಹಿಸಿಕೊಂಡರೆ ಇಬ್ಬರದೂ ಸಮವಾಗುತ್ತದೆ; ಹಿಂದಿನ ಸಾಲಿನಲ್ಲಿ ನಗುತ್ತಿರುವ ಮಹನೀಯರು ಅಷ್ಟು ಬೇಡ, ಒಂದು ಅರ್ಧ ಗಂಟೆಯಿಂದ ಆರಂಭಿಸಬಹುದು. ಪಾತ್ರೆ ತೊಳೆಯುವುದು ಕಠಿನವಾದ ವಿದ್ಯೆಯಲ್ಲ. ನಮ್ಮ ಶಾಲೆಯಲ್ಲಿ ಊಟದ ತಟ್ಟೆಗಳನ್ನು ಗಂಡುಮಕ್ಕಳೂ ತೊಳೆಯುತ್ತಾರೆ, ಚೆನ್ನಾಗಿಯೇ ತೊಳೆಯುತ್ತಾರೆ. ಮನೆಯ ಹೊಸ್ತಿಲು ದಾಟಿದೊಡನೆ ಆ ವಿದ್ಯೆಯು ಅವರಿಗೆ ಏಕೆ ಮರೆತುಹೋಗುತ್ತದೋ ತಿಳಿಯದು.

ಎರಡನೆಯದಾಗಿ, ಕೆಲಸ ಕೊಡುವವರ ಖಾತೆಯಿಂದ. 50ಕ್ಕಿಂತ ಹೆಚ್ಚು ಸ್ತ್ರೀಯರಿರುವ ಕಾರ್ಖಾನೆಯಲ್ಲಿ ಮಕ್ಕಳ ಕೊಠಡಿಯಿರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯಲ್ಲಿಯೇ ವಿಧಿಸಲಾಗಿತ್ತು. 50 ಮಂದಿ ನೌಕರರಿರುವ ಸಂಸ್ಥೆಗಳಿಗೆಲ್ಲ ಅದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಿಂದ ವಿಸ್ತರಿಸಿತು. ಆದರೆ ಐದಾರು ಮಂದಿ ದುಡಿಯುವ ಪೇಟೆಯ ಅಂಗಡಿಗೂ ಮನೆಯ ಜಗಲಿಗೂ ಈ ನಿಯಮಗಳ ನೆರಳು ಬೀಳುವುದಿಲ್ಲ. ಅಂತಹ ಕಡೆಗಳಲ್ಲಿ ಧಣಿಗಳು ಒಂದು ಉಪಕಾರವನ್ನಾದರೂ ಮಾಡಬಹುದು: ವಾರದ ಕೆಲಸದ ಹೊತ್ತನ್ನು ಮೊದಲೇ ನಿಶ್ಚಯಿಸಿ ತಿಳಿಸಬಹುದು. ನಾಳೆ ಎಷ್ಟು ಹೊತ್ತಿಗೆ ಮರಳುವೆನೆಂದು ತಿಳಿಯದ ತಾಯಿಯು ಮಗುವನ್ನು ಯಾರಿಗೆ ಒಪ್ಪಿಸುವುದೆಂದು ಹೇಗೆ ಗೊತ್ತುಮಾಡಿಯಾಳು?

ಮೂರನೆಯದು ನಮ್ಮ ಖಾತೆ, ಶಾಲೆಯದು. ಇದನ್ನು ಹೇಳುವುದಕ್ಕಾಗಿಯೇ ಇಷ್ಟು ದೂರ ಸುತ್ತಿಬಂದೆ. ಅಧ್ಯಾಪಕರೊಡನೆ ಸಮಾಲೋಚಿಸಿ ವಿದ್ಯಾಸಂಘದ ಮುಂದೆ ಒಂದು ಸೂಚನೆಯನ್ನು ಇಟ್ಟಿದ್ದೇನೆ. ಬರುವ ಜೂನ್ ತಿಂಗಳಲ್ಲಿ ಶಾಲೆ ಪುನರಾರಂಭವಾದಂದಿನಿಂದ, ನಾಲ್ಕು ಗಂಟೆಯ ಬಳಿಕ ವಾಚನಾಲಯವನ್ನೂ ಪಕ್ಕದ ಎರಡು ಕೊಠಡಿಗಳನ್ನೂ ಸಂಜೆ ಆರರವರೆಗೆ ತೆರೆದಿರಿಸುವುದು. ಒಬ್ಬ ಅಧ್ಯಾಪಕರು, ಒಬ್ಬ ಅಧ್ಯಾಪಿಕೆ ಸರದಿಯಂತೆ ಇರತಕ್ಕದ್ದು. ಮೊದಲು ಆಟ, ಆಮೇಲೆ ಮನೆಪಾಠ, ಅನಂತರ ಕಥೆ ಪುಸ್ತಕ. ಅಂಗನವಾಡಿ ಬಿಟ್ಟು ಬರುವ ಪುಟ್ಟ ತಮ್ಮತಂಗಿಯರನ್ನೂ ಅಕ್ಕಂದಿರು ಶಾಲೆ ತಪ್ಪಿಸದೆ ಇಲ್ಲಿಗೆ ಕರೆತರಲು ಅನುಕೂಲವಾಗುವಂತೆ ಒಂದು ಕೊಠಡಿಗೆ ಚಾಪೆ ಹಾಸುವುದು. ಇದಕ್ಕೆ ಶುಲ್ಕವಿಲ್ಲ. ಸಂಜೆಯ ತಿಂಡಿಗೆ ಮಾತ್ರ ಹಣ ಬೇಕು. ಅವಲಕ್ಕಿ, ಬಾಳೆಹಣ್ಣು ಇಷ್ಟಾದರೆ ಸಾಕು. ತೋಟವುಳ್ಳವರು ತಿಂಗಳಿಗೆ ಒಂದು ಗೊನೆ ಕಳುಹಿಸಿದರೂ ಉಪಕಾರ.

ಇದರಲ್ಲಿ ತೊಡಕುಗಳಿಲ್ಲದಿಲ್ಲ. ಮಳೆಗಾಲದಲ್ಲಿ ಬೇಗ ಕತ್ತಲಾಗುತ್ತದೆ. ಹೊಳೆಯಾಚೆಯ ಮಕ್ಕಳನ್ನು ಯಾರಾದರೂ ದೊಡ್ಡವರು ಬಂದು ಕರೆದುಕೊಂಡು ಹೋಗಲೇಬೇಕು. ಅಧ್ಯಾಪಕಿಯರಿಗೂ ಮನೆಯಿದೆ, ಮಕ್ಕಳಿದ್ದಾರೆ; ತಾಯಂದಿರ ಹೊರೆಯನ್ನು ಇಳಿಸುವ ನೆಪದಲ್ಲಿ ಇನ್ನೊಬ್ಬ ತಾಯಿಯ ಮೇಲೆ ಹೊರಿಸುವುದು ನ್ಯಾಯವಲ್ಲವಾದ್ದರಿಂದ ಸರದಿಯು ವಾರಕ್ಕೊಂದು ದಿನಕ್ಕಿಂತ ಹೆಚ್ಚು ಬಾರದಂತೆ ನೋಡಿಕೊಳ್ಳಬೇಕು. ಹಿರಿಯ ವಿದ್ಯಾರ್ಥಿಗಳ ಸಂಘದವರು ಎರಡು ದಿನಗಳನ್ನು ವಹಿಸಿಕೊಳ್ಳಲು ಮುಂದೆ ಬಂದಿದ್ದಾರೆ. ಉಳಿದುದನ್ನು ವಿದ್ಯಾಸಂಘವು ಬರುವ ಭಾನುವಾರದ ಸಭೆಯಲ್ಲಿ ಯೋಚಿಸಲಿದೆ; ಎಷ್ಟು ಮಕ್ಕಳು ಉಳಿಯುವರೆಂಬ ಸಂಖ್ಯೆ ಕೈಯಲ್ಲಿಲ್ಲದೆ ಅವರು ತೀರ್ಮಾನಕ್ಕೆ ಬರಲಾರರು.

ಹೆಸರು ಬರೆಯುವ ಪುಸ್ತಕವು ಕಚೇರಿಯ ಮೇಜಿನ ಮೇಲಿದೆ. ಮಗುವಿನ ಹೆಸರು, ತರಗತಿ, ತಾಯಿ ಕೆಲಸದಿಂದ ಮರಳುವ ಹೊತ್ತು, ಸಂಜೆ ಕರೆದುಕೊಂಡು ಹೋಗಲು ಬರುವವರ ಹೆಸರು ಎಂದು ನಾಲ್ಕು ಅಂಕಣಗಳನ್ನು ಎಳೆದಿದ್ದೇವೆ. ನಾಲ್ಕನೆಯ ಅಂಕಣದಲ್ಲಿ ತಂದೆಯರ ಹೆಸರುಗಳೂ ಕಾಣಿಸಲಿ. ಸಭೆ ಮುಗಿದ ಮೇಲೆ ಒಂದು ಗಂಟೆಯ ಕಾಲ ನಾನು ಅಲ್ಲಿಯೇ ಇರುತ್ತೇನೆ.